ಸೆರಗಿನ ಹಿಂದಿನ ಬಾಯಿ

ರಾಶಿ ಮಾಡುವಾಗ ಧೂಳು ಹೋಗಬಾರದೆಂದು ಹೆಂಗಸರು ಮೂಗು ಬಾಯಿ ಮುಚ್ಚಿ ಸೆರಗು ಕಟ್ಟಿಕೊಳ್ಳುತ್ತಾರಲ್ಲ, ಶೀತಲಕ್ಕ ನಮ್ಮ ಹುಮನಾಬಾದಿನ ಮನೆಯಲ್ಲಿ ಹಾಗೆ ಕಟ್ಟಿಕೊಂಡೇ ಇರುತ್ತಿದ್ದಳು. ರೊಟ್ಟಿ ಬಡಿಯುವಾಗಲೂ ಹಾಗೆ, ನಳದ ಮುಂದೆ ಕೊಡ ಇಟ್ಟು ಕೂತಾಗಲೂ ಹಾಗೆ. ಧೂಳಿಗೆ ಹೆದರಿ ಅಲ್ಲ. ತನ್ನ ಬಾಯಿಯ ವಾಸನೆ ಇನ್ನೊಬ್ಬರಿಗೆ ಹೋಗಬಾರದು ಅಂತ.

ಶೀತಲಕ್ಕ ನನ್ನ ನೆಗೆಣ್ಣಿ. ನನ್ನ ಗಂಡ ರತ್ನದೀಪನ ಅಣ್ಣ ಮಚ್ಚೇಂದ್ರನ ಹೆಂಡತಿ. ಬಸವಕಲ್ಯಾಣದವಳು. ಅವಳ ಅಪ್ಪ ದೇವಿದಾಸ ಅಲ್ಲಿ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾರೆ. ಇವಳು ಸಣ್ಣವಳಿದ್ದಾಗಲೇ ತಾಯಿ ತೀರಿಹೋದಳು. ಅಪ್ಪನ ಮಷಿನ್ ಪಕ್ಕ ಕೂತು ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತ, ಬಂದುಹೋಗುವ ಗಿರಾಕಿಗಳ ಮಾತನ್ನೆಲ್ಲ ಕದ್ದು ಕಲಿತು ಬೆಳೆದ ಹುಡುಗಿ ಅವಳು. ಯಾರ ದನಿಯನ್ನಾದರೂ ತೆಗೆಯುತ್ತಿದ್ದಳು. ನಾನು ಮದುವೆಯಾಗಿ ಬಂದ ದಿನ ಒಳಕೋಣೆಯಲ್ಲಿ ಅಳುತ್ತ ಕೂತಿದ್ದೆ. ಶೀತಲಕ್ಕ ಬಾಗಿಲು ಹಾಕಿ, ನಮ್ಮತ್ತೆ ಅಂಬುಬಾಯಿ ಬೀಗರು ತಂದ ಸೀರೆಯ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು "ಹೂಂ... ಬಣ್ಣ ಬಿಡ್ತದ" ಅನ್ನುವುದನ್ನು ಹಾಗೇ ಮಾಡಿ ತೋರಿಸಿದಳು. ಅಳು ನಿಂತು, ನಗು ತಡೆಯಲಾರದೆ ನಾನು ದಿಂಬಿಗೆ ಮುಖ ಒತ್ತಿದ್ದೆ. ಆಗಲೂ ಅವಳು ಅಂಗೈ ಅಡ್ಡ ಹಿಡಿದುಕೊಂಡೇ ಮಾತಾಡಿದ್ದಳು. ನಾಚಿಕೆಯವಳು ಅಂದುಕೊಂಡೆ. ಬರಬರುತ್ತ ಅಂಗೈ ಹೋಗಿ ಸೆರಗು ಬಂತು, ಸೆರಗು ಬಂದ ಮೇಲೆ ಮಾತೇ ಹೋಯಿತು.

ನಮ್ಮ ಮನೆಯವರು ಮಾಡಿದ ಮದ್ದುಗಳನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ಹೊಟ್ಟೆಯ ಉಷ್ಣ ಅಂದರು, ಮೆಂತ್ಯ ನೆನೆಸಿದ ನೀರು ಕುಡಿಸಿದರು. ಹೊಟ್ಟೆ ಕೆಟ್ಟಿದೆ ಅಂದರು, ಮೆಡಿಕಲ್ ಅಂಗಡಿಯಿಂದ ಗುಲಾಬಿ ಬಣ್ಣದ ಸಿರಪ್ಪು ತಂದರು. ಸಂತೆಯಲ್ಲಿ ಬೇರು ಮಾರುವವನೊಬ್ಬ ರಕ್ತ ಕೆಟ್ಟಿದೆ ಅಂದ, ಅವನ ಕಷಾಯವೂ ಆಯಿತು. ಗುರುವಾರ ಉಪವಾಸ ಮಾಡು ಅಂದರು, ಮಾಡಿದಳು. ಉಪವಾಸದ ದಿನ ಬಾಯಿ ಒಣಗಿ ವಾಸನೆ ಇನ್ನೂ ಹೆಚ್ಚುತ್ತಿತ್ತು, ಅದಕ್ಕೂ ಅವಳೇ ಬೈಸಿಕೊಂಡಳು. ಕುಪ್ಪಸದೊಳಗೆ ಸದಾ ಏಲಕ್ಕಿ, ಲವಂಗ. ಅವಳು ಪಕ್ಕ ಬಂದರೆ ಮೊದಲು ಲವಂಗ ಬರುತ್ತಿತ್ತು, ಅದರ ಬೆನ್ನಿಗೇ ಅದು.

ಇಷ್ಟೆಲ್ಲ ಮಾಡಿದವರಲ್ಲಿ ಒಬ್ಬರಾದರೂ "ಬಾಯಿ ತೆಗಿ, ನೋಡೋಣ" ಅನ್ನಲಿಲ್ಲ. ವಾಸನೆ ಬರುತ್ತಿದ್ದದ್ದು ಬಾಯಿಯಿಂದ. ನೋಡಿದ್ದು ಹೊಟ್ಟೆ, ರಕ್ತ, ಅವಳ ಗ್ರಹಚಾರ.

ಅವಳಿಗೊಬ್ಬಳು ಮಗಳು, ಸಮತಾ. ಬಾಲವಾಡಿಗೆ ಹೋಗುವ ವಯಸ್ಸು. ತಾಯಿ ಮಗಳು ಕಿವಿಯಲ್ಲಿ ಗುಟ್ಟು ಹೇಳುವ ಆಟ ಆಡುತ್ತಿದ್ದರು. ಗುಟ್ಟು ಅಂದರೆ ಏನು, ನಾಳೆ ಡಬ್ಬಿಯಲ್ಲಿ ಏನು ಕಟ್ಟುತ್ತೇನೆ ಅನ್ನುವಷ್ಟೇ. ಒಂದು ಸಂಜೆ ಶೀತಲಕ್ಕ ಸೆರಗು ಸರಿಸಿ ಬಗ್ಗಿದಾಗ ಹುಡುಗಿ ಮೂಗು ಹಿಡಿದುಕೊಂಡು, "ಅವ್ವಾ, ಆಕಡಿ ಮಾರಿ ಮಾಡಿ ಹೇಳ" ಅಂದಿತು. ಮಕ್ಕಳಿಗೆ ಏನು ಗೊತ್ತು. ಶೀತಲಕ್ಕ ಗೋಡೆಯ ಕಡೆ ತಿರುಗಿ, ಗುಟ್ಟನ್ನು ಗೋಡೆಗೆ ಹೇಳಿದಳು. ನಾನು ಮಗನಿಗೆ ಹಾಲು ಕುಡಿಸುತ್ತಿದ್ದೆ. ಎದೆಯ ಹಾಲು ಹಿಂದಕ್ಕೆ ಹೋದಂತೆ ಆಯಿತು.

ಇನ್ನು ಮಚ್ಚೇಂದ್ರ ಭಾವ. ಬಸ್ ಸ್ಟ್ಯಾಂಡಿನಿಂದ ಮಾಣಿಕನಗರಕ್ಕೆ ಆಟೋ ಓಡಿಸುತ್ತಾನೆ. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಗುಟ್ಕಾ ಹರಿದು ಬಾಯಿಗೆ ಸುರಿದುಕೊಂಡರೆ ಅದನ್ನು ಉಗಿಯುವುದು ಊಟಕ್ಕೆ. ಆಟೋದ ಬಲಗಡೆಯ ಬಣ್ಣವೇ ಬೇರೆ ಆಗಿದೆ. ನಮ್ಮ ಬಚ್ಚಲ ಗೋಡೆಯೂ. ಅವನು ಬಾಗಿಲಲ್ಲಿ ನಿಂತು ಮಾತಾಡಿದರೆ ಅಡುಗೆಮನೆಗೆ ನಾತ ಬರುತ್ತದೆ. ಆ ನಾತಕ್ಕೆ ಯಾರೂ ಮೆಂತ್ಯ ನೆನೆಸಲಿಲ್ಲ, ಗುರುವಾರ ಹಿಡಿಸಲಿಲ್ಲ. ಗಂಡಸಿನ ಬಾಯಿ ನಾರಿದರೆ ಅದು ಚಟ. ಹೆಂಗಸಿನ ಬಾಯಿ ನಾರಿದರೆ ಅದು ರೋಗ, ಮನೆತನಕ್ಕೆ ಬಂದ ಕೇಡು.

ದೀಪಾವಳಿ ಕಳೆದ ಮೇಲೆ ಸಂಬಂಧಿಕರ ಮದುವೆಯೊಂದರಲ್ಲಿ ಊಟದ ಸಾಲಿನಲ್ಲಿ ಶೀತಲಕ್ಕನ ಪಕ್ಕ ಕೂತ ಹೆಂಗಸು ತಾಟು ಎತ್ತಿಕೊಂಡು ಎದ್ದು ಬೇರೆ ಕಡೆ ಹೋಗಿ ಕೂತಳು. ಜನ ನೋಡಿದರು. ಭಾವನೂ ನೋಡಿದ. ಮರುದಿನ ಶೀತಲಕ್ಕನ ಬಟ್ಟೆಯ ಚೀಲವನ್ನು ತಾನೇ ಆಟೋದಲ್ಲಿ ಇಟ್ಟು, "ಬಾಯಿ ಸುದ್ದ ಮಾಡ್ಕೊಂಡು ಬಾ. ಆಮ್ಯಾಲ ನೋಡಮು" ಅಂದ.

"ಸಮತಾ?" ಅಂದಳು ಅವಳು.

"ಹುಡುಗಿ ಇಲ್ಲೇ ಇರ್ತಾಳ. ಆಕಿಗೂ ಅಂಟಸ್ತೀ ಏನು?"

ಅವಳು ಹೋದಳು. ಸ್ವಲ್ಪ ದಿನಕ್ಕೆ ಅತ್ತೆಯ ಬಾಯಲ್ಲಿ ಸೋಡಚೀಟಿಯ ಮಾತು ಕೇಳಿಬಂತು. ಯುಗಾದಿಯ ಮೊದಲು ಕಲ್ಯಾಣದಲ್ಲಿ ಬೈಠಕ್ ಕೂಡಿಸಿ, ಸಂಬಂಧ ಹರಿದುಬಿಡುವುದು, ಹುಡುಗಿಯನ್ನು ಇಲ್ಲೇ ಇಟ್ಟುಕೊಳ್ಳುವುದು ಅಂತ. ನನ್ನ ಗಂಡನನ್ನು ಕೇಳಿದೆ. "ದೊಡ್ಡವರದು ಅದ. ನಾವ್ಯಾಕ ನಡುವ ಬೀಳೋದು?" ಅಂದು ಮೊಬೈಲ್ ಅಂಗಡಿಗೆ ಹೊರಟುಹೋದ. ರಾತ್ರಿ ಸಮತಾ ನನ್ನ ಮಗ್ಗುಲಲ್ಲಿ ಮಲಗುತ್ತಿದ್ದಳು. "ಕಾಕೂ, ನಾ ಮೂಗ ಹಿಡದೆ ಅಂತ ಅವ್ವ ಹ್ವಾದಳೇನು?" ಅಂತ ಕೇಳಿದಳು. ಐದು ವರ್ಷದ ಕೂಸಿನ ತಲೆಯ ಮೇಲೆ ಇದನ್ನೂ ಹೊರಿಸಿದ್ದರು ಈ ದೊಡ್ಡವರು.

ನನ್ನ ಮಗನಿಗೆ ಆಗ ಹಲ್ಲು ಬರುತ್ತಿದ್ದವು. ಒಸಡು ಉಬ್ಬಿ, ಜೊಲ್ಲು ಸುರಿದು, ಒಂದೇ ಸಮನೆ ಅಳು. ಒಂದು ಬೆಳಿಗ್ಗೆ ಅತ್ತೆ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಸೊಂಟದಿಂದ ಸಣ್ಣ ತಗಡಿನ ಡಬ್ಬಿ ತೆಗೆದಳು. ಬೆರಳು ಅದ್ದಿದಳು. ಬೆರಳು ಕರ್ರಗೆ ಆಯಿತು. ಆ ಬೆರಳು ಕೂಸಿನ ಬಾಯಿಗೆ ಹೋಗುವಷ್ಟರಲ್ಲಿ ನಾನು ಮಗನನ್ನು ಕಸಿದುಕೊಂಡೆ.

ಅದು ಮಿಶ್ರಿ. ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು ಕುಟ್ಟಿದ ಪುಡಿ. ನಮ್ಮ ಕಡೆ ಎಷ್ಟೋ ಮನೆಯ ಹೆಂಗಸರಿಗೆ ಬೆಳಿಗ್ಗೆ ಹಲ್ಲಿಗೆ ಅದನ್ನು ಉಜ್ಜದೆ ಕಣ್ಣೇ ತೆರೆಯುವುದಿಲ್ಲ. ನನ್ನ ತವರು ಬೇಮಳಖೇಡ. ನನ್ನ ಅವ್ವ ಅಂಗನವಾಡಿಯವಳಾದ್ದರಿಂದ ಆ ಡಬ್ಬಿ ನಮ್ಮ ಹೊಸ್ತಿಲು ದಾಟಲಿಲ್ಲ.

"ಏ ಹುಚ್ಚಿ, ಒಸಡಿಗಿ ಜರಾ ಹಚ್ಚಿದ್ರ ಕೂಸು ಸುಮ್ಮ ಆಗ್ತದ," ಅಂದಳು ಅತ್ತೆ. "ನಾ ಏನ್ ಇಷ ಹಾಕಾಕತ್ತೀನೇನು?"

"ತಂಬಾಕು ಅದು, ಅತ್ತಿ."

"ಸುಟ್ಟ ತಂಬಾಕು. ಸುಟ್ಟ ಮ್ಯಾಲ ಎಲ್ಲಿ ಉಳೀತದ ಅದರ ಗುಣ? ಬಾಣಂತೇರಿಗಿ ಇದೇ ಕೊಡ್ತಾರ. ಬಾಣಂತಿ ಬ್ರಶ್ ಹಾಕಿ ತಿಕ್ಕಿದ್ರ ಹಲ್ಲು ಸಡಲ ಆಗ್ತಾವ. ಶೀತಲ್ ಬಾಣಂತನಾ ನಾನೇ ಮಾಡ್ದೆ, ಆಕಿಗಿ ತಾಯಿ ಇಲ್ಲಂತ. ಒಸಡಿಂದ ರಕ್ತ ಬರ್ತದ ಅಂದಳು, ನಾನೇ ಇಂಥಾದೇ ಒಂದು ಡಬ್ಬಿ ಕೊಟ್ಟೆ. ಎರಡು ದಿನದಾಗ ನೋವು ನಿಂತದ ಅತ್ತಿ ಅಂದಳು."

ಮಗ ಅಳುತ್ತಲೇ ಇದ್ದ. ನಾನು ಅವನನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟೆ. ಶೀತಲಕ್ಕ ಬೆಳಿಗ್ಗೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಹಲ್ಲುಜ್ಜುತ್ತಿದ್ದಳು, ಕರಿ ನೀರು ಮೋರಿಗೆ ಬರುತ್ತಿತ್ತು. ಯಾವುದೋ ಕರಿ ಹಲ್ಲುಪುಡಿ ಅಂದುಕೊಂಡಿದ್ದೆ. ಮಧ್ಯಾಹ್ನವೂ ಹೋಗುತ್ತಿದ್ದಳು, ಸಂಜೆಯೂ. ವಾಸನೆ ಹೆಚ್ಚಾದಷ್ಟೂ ಉಜ್ಜುವುದು ಹೆಚ್ಚಾಗಿತ್ತು. ಈ ಮನೆಯೇ ಕೊಟ್ಟ ಡಬ್ಬಿ. ಈ ಮನೆಯೇ ಈಗ ಅವಳನ್ನು ಹೊರಗೆ ಹಾಕಿದೆ.

ಮರುದಿನ ಬೇಮಳಖೇಡಕ್ಕೆ ಹೋಗಿಬರುತ್ತೇನೆ ಅಂತ ಹೇಳಿ, ಮಗನನ್ನು ಎತ್ತಿಕೊಂಡು ಕಲ್ಯಾಣದ ಬಸ್ಸು ಹತ್ತಿದೆ.

ದೇವಿದಾಸ ಕಾಕಾ ಮಷಿನ್ ನಿಲ್ಲಿಸಿ ಎದ್ದು ನಿಂತರು. ಒಳಗೆ ಕೈ ತೋರಿಸಿದರು. ಶೀತಲಕ್ಕ ಹಿತ್ತಲಲ್ಲಿ ಕೂತಿದ್ದಳು. ಬೆರಳು ಬಾಯಲ್ಲಿ, ತುಟಿಯ ಅಂಚೆಲ್ಲ ಕಪ್ಪು. ನನ್ನ ಸಿಟ್ಟು ಅತ್ತೆಯ ಮೇಲಿದ್ದದ್ದು ಅವಳ ಮೇಲೆ ಹೋಯಿತು.

"ಇನ್ನಾ ತಿಕ್ಕಾಕತ್ತೀ ಅಲ್ಲ ಅಕ್ಕಾ! ಇದರಿಂದನೇ ಬಂದದ ಅದು!"

"ಬಾಯಿ ಸುದ್ದ ಮಾಡ್ಕೊಂಡು ಬಾ ಅಂದಾರಲ್ಲ ಧನಾ," ಅಂದಳು. "ಮಾಡ್ಕೊಳ್ಳಾಕತ್ತೀನಿ."

ಹಂಗಿಸಿ ಹೇಳಿದ್ದಲ್ಲ ಅದು. ಹಾಗೇ ನಂಬಿದ್ದಳು. ನನಗೆ ಆ ಸಿಟ್ಟನ್ನು ಎಲ್ಲಿ ಇಡುವುದು ಅಂತ ತಿಳಿಯದೆ, ತಂಬಿಗೆಯ ನೀರು ಅವಳ ಮುಂದೆ ಕುಕ್ಕಿ, "ಬಾಯಿ ಮುಕ್ಕಳಿಸು, ಸೀರಿ ಉಡು, ಏಳು" ಅಂದೆ.

ಬಸುರಿಯಿದ್ದಾಗ ನನ್ನ ದವಡೆ ಹಲ್ಲು ನೋಡಿದ್ದ ಹಲ್ಲಿನ ಡಾಕ್ಟರು ಅರ್ಷಿಯಾ ಹುಮನಾಬಾದಿನಲ್ಲೇ ಇದ್ದಾರೆ. ಅವರನ್ನು ಬಿಟ್ಟು ನನಗೆ ಬೇರೆಯವರು ಗೊತ್ತಿರಲಿಲ್ಲ. ಗಂಡನ ಊರಿಗೇ ಕದ್ದು ಹೋಗಬೇಕಾಯಿತು ಶೀತಲಕ್ಕ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಆಟೋಗಳ ಸಾಲು ಕಂಡು ನನ್ನ ಹಿಂದೆ ಅಡಗಿದಳು. "ಅವರು ನೋಡಿದ್ರ?" "ನೋಡ್ಲಿ!" ಅಂದೆ. ಅಂದೆನೇ ಹೊರತು ನನ್ನ ಕಾಲೂ ಬೇಗ ಬೇಗ ಬಿದ್ದವು.

ಡಾಕ್ಟರು ಕುರ್ಚಿಯಲ್ಲಿ ಒರಗಿಸಿ ದೀಪ ಹಾಕಿದರು. ಶೀತಲಕ್ಕ ಸೆರಗು ಬಿಡಲೊಲ್ಲಳು.

"ತೆಗಿರಿ ಬಹೆನ್. ನಾ ದಿನಾ ಇದೇ ನೋಡಾಕಿ ಇದ್ದೀನಿ. ನನ್ನ ಮುಂದ ಎಂಥಾ ಶರಮ್?"

"ವಾಸನಿ ಬರ್ತದ್ರಿ ಮೇಡಂ."

"ಬರ್ಲಿ. ಬರ್ತದಂತಲೇ ಬಂದೀರಲ್ಲ?"

ಬಾಯಿ ತೆರೆದಳು. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಅದರೊಳಗೆ ನೋಡಿದರು. ಡಾಕ್ಟರು ಸಣ್ಣ ಕನ್ನಡಿಯಿಂದ ನನಗೂ ತೋರಿಸಿದರು. ಹಲ್ಲಿನ ಬುಡಕ್ಕೆಲ್ಲ ಕರಿ ಕಿಟ್ಟ ಕಲ್ಲಿನಂತೆ ಕಟ್ಟಿತ್ತು. ಒಸಡು ಹಿಂದೆ ಸರಿದು ಹಲ್ಲಿನ ಬೇರು ಕಾಣುತ್ತಿತ್ತು. ಮೆಲ್ಲಗೆ ಒತ್ತಿದರೆ ರಕ್ತ, ಕೀವು.

"ಹೊಟ್ಟಿ ಅಲ್ಲ, ರಕ್ತ ಅಲ್ಲ, ಏನೂ ಅಲ್ಲ," ಅಂದರು ಡಾಕ್ಟರು. "ಒಸಡು ಕೊಳೀಲಿಕತ್ತಾವ. ಬಹಳ ಮಂದಿಗಿ ಬಾಯಿ ವಾಸನಿ ಬಾಯಿಂದನೇ ಬರ್ತದ, ಒಸಡಿನ ಸಂದ್ಯಾಗಿಂದ, ನಾಲಿಗಿ ಹಿಂದಿನ ಪದರಿನಾಗಿಂದ. ಕೆಲವರಿಗಿ ಗಂಟಲದ ಗಡ್ಡಿ, ಮೂಗು, ಶುಗರು ಕಾರಣ ಇರ್ತದ, ಅದೂ ನೋಡಮು. ಮಿಶ್ರಿ ಎಷ್ಟು ವರ್ಷದಿಂದ?"

"ಮಗಳು ಹುಟ್ಟಿದಾಗಿಂದ್ರಿ. ಹಚ್ಚಿದ್ರ ನೋವು ನಿಲ್ತದ್ರಿ."

"ನೋವು ನಿಲ್ಲಲ್ಲ, ಗೊತ್ತಾಗದಂಗ ಆಗ್ತದ ಅಷ್ಟೇ. ಒಳಗ ಕೆಡೋದು ಕೆಡ್ತಾನೇ ಇರ್ತದ. ರಕ್ತ ಬಂದಾಗ ಅವತ್ತೇ ಬಂದಿದ್ರ ಒಂದು ಸಲ ಕ್ಲೀನ್ ಮಾಡಿ ಮೆತ್ತನ ಬ್ರಶ್ ಕೊಟ್ಟು ಕಳಸ್ತಿದ್ದೆ." ಅವರ ದನಿಯೂ ಬಿಸಿಯಾಯಿತು. "ಬಾಣಂತೀಗಿ ತಂಬಾಕು ಕೊಡ್ತಾರ, ಬ್ರಶ್ ಕೊಡಲ್ಲ! ಯಾ ಅಲ್ಲಾ!"

ಹಿಂದಿನ ಎರಡು ಹಲ್ಲು ಅಲುಗುತ್ತಿದ್ದವು, ತೆಗೆಯಬೇಕು. ಉಳಿದವನ್ನು ಒಸಡಿನ ಒಳತನಕ ಕೆರೆದು ಸ್ವಚ್ಛ ಮಾಡಬೇಕು, ಒಂದೇ ಸಲಕ್ಕೆ ಆಗುವುದಿಲ್ಲ, ಬರುತ್ತಿರಬೇಕು. ಎರಡು ಹೊತ್ತು ಮೆತ್ತನೆಯ ಬ್ರಶ್ಶು, ಹಲ್ಲಿನ ಸಂದಿಗೆ ದಾರ, ನಾಲಿಗೆಯನ್ನು ಹಿಂದಿನ ತನಕ ಕೆರೆಯುವುದು, ನೀರು ಚೆನ್ನಾಗಿ ಕುಡಿಯುವುದು, ಉಪವಾಸ ಸಾಕು. ಸರಿದ ಒಸಡು ಪೂರಾ ಮರಳಿ ಬರುವುದಿಲ್ಲ, ಆದರೆ ಇದ್ದದ್ದು ಗಟ್ಟಿಯಾಗುತ್ತದೆ, ವಾಸನೆ ಹೋಗುತ್ತದೆ. "ಮಿಶ್ರಿ ಮಾತ್ರ ಇವತ್ತಿಗೇ ಖತಂ. ತಲಿ ಸಿಡೀತದ, ಸಿಟ್ಟು ಬರ್ತದ, ತಡಕೊಳ್ರಿ. ಬಿಡದಿದ್ರ ನಾ ಮಾಡಿದ್ದೆಲ್ಲ ನೀರಾಗ ಹೋಯ್ತು."

ಸಿಟ್ಟು ಬರುತ್ತದೆ ಅಂದದ್ದು ಖರೆ ಆಯಿತು. ಆಮೇಲಿನ ದಿನಗಳಲ್ಲಿ ಶೀತಲಕ್ಕ ಫೋನಿನಲ್ಲಿ ನನಗೇ ಬೈದಳು. "ನಿನಗೇನು, ಡಬ್ಬಿ ಕಂಡಿಲ್ಲ ನೀ, ಹೇಳ್ತೀ!" ಅಂದಳು. ಅಪ್ಪನ ಕತ್ತರಿ ಎಸೆದಳಂತೆ. ನಡುವೆ ಒಂದು ದಿನ ಸೋತು ಮತ್ತೆ ಉಜ್ಜಿದಳು, ಮರುದಿನ ಡಾಕ್ಟರ ಮುಂದೆ ಅತ್ತಳು. ದೇವಿದಾಸ ಕಾಕಾ ಅಂಗಡಿ ಮುಚ್ಚಿ ಮುಚ್ಚಿ ಕರೆದುಕೊಂಡು ಬಂದರು. ಹಲ್ಲು ಕಿತ್ತ ದಿನ ಹತ್ತಿ ಕಚ್ಚಿಕೊಂಡು ಬಸ್ಸಿನಲ್ಲಿ ಕೂತವಳನ್ನು ನಾನು ಸ್ಟ್ಯಾಂಡಿಗೆ ಹೋಗಿ ಕಂಡೆ. ಅವಳು ಮಗನ ಕಾಲು ಹಿಡಿದು ಮುದ್ದಿಸಿದಳು. ಅವನ ಮುಖದ ಹತ್ತಿರ ಬರಲಿಲ್ಲ, ಇನ್ನೂ ಹೆದರಿಕೆ.

ಬೈಠಕ್ಕಿಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಸಮತಾಳನ್ನು ಸಂಭಾಳಿಸಲು ಒಬ್ಬರು ಬೇಕಲ್ಲ ಅಂತ ಹೇಳಿ ಹೊರಟೆ. ದೇವಿದಾಸ ಕಾಕಾನ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಅತ್ತೆ, ಭಾವ, ಹಿರಿಯರಾಗಿ ನಿರ್ಣಾದಿಂದ ಬಂದ ಅತ್ತೆಯ ತಮ್ಮ, ಅಂದರೆ ಭಾವನ ಸೋದರಮಾವ. ಚಹಾ ಬಂತು. ಭಾವ ಬಾಯಲ್ಲಿದ್ದ ಗುಟ್ಕಾ ಉಗಿಯಲು ಎದ್ದು ಹೋಗಿ ಬಂದ. ಬಂದು ಕೂತು ಹೇಳಿದ:

"ಎರಡು ವರ್ಷ ಆತು ಮಾಮಾ, ಗ್ವಾಡಿ ಕಡಿ ಮಾರಿ ಮಾಡಿ ಮಲಗಾಕತ್ತೀನಿ. ಮಂದ್ಯಾಗ ಇಜ್ಜತ್ ಹೋಗ್ಯಾದ. ನನ್ನ ಕೈಲಿ ಆಗಲ್ಲ."

ಶೀತಲಕ್ಕ ಒಳಬಾಗಿಲಲ್ಲಿ ನಿಂತಿದ್ದಳು, ಸೆರಗು ಕಟ್ಟಿಕೊಂಡೇ. ಸಮತಾ ನನ್ನ ಕೈ ಬಿಡಿಸಿಕೊಂಡು ಓಡಿದಳು. ಯಾರೂ ಹೇಳಿಕೊಡಲಿಲ್ಲ. ತಾಯಿಯ ಸೊಂಟ ತಬ್ಬಿ, ಕಿವಿ ಮೇಲೆ ಮಾಡಿ, "ಗುಟ್ಟು ಹೇಳ" ಅಂದಳು. ಮೂಗಿನ ಕಡೆ ಹೋಗುತ್ತಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು, ತಪ್ಪು ಮಾಡಬಾರದು ಅಂತ. ಶೀತಲಕ್ಕ ಸೆರಗು ಬಿಚ್ಚಿದಳು. ಬಗ್ಗಿದಳು. ಏನೋ ಹೇಳಿದಳು. ಹುಡುಗಿ ಹಿಡಿದುಕೊಂಡಿದ್ದ ಕೈಯನ್ನು ತಾನಾಗಿ ಬಿಟ್ಟಳು. "ಇನ್ನೊಂದು!" ಅಂದಳು.

ಮಾಮ ಚಹಾದ ಬಸಿ ಕೆಳಗಿಟ್ಟರು.

ಶೀತಲಕ್ಕ ಮಗಳನ್ನು ಬಗಲಿಗೆ ಒತ್ತಿಕೊಂಡು ಪಡಸಾಲೆಗೆ ಬಂದು, ತಗಡಿನ ಡಬ್ಬಿಯನ್ನು ಚಾಪೆಯ ಮೇಲೆ ಅತ್ತೆಯ ಮುಂದೆ ಇಟ್ಟಳು. "ಅತ್ತಿ, ಇದು ನೀವು ಕೊಟ್ಟದ್ದು. ವಾಪಸ್ ತೊಗೊಳ್ರಿ. ನನ್ನ ಒಸಡು ತಿಂದದ ಇದು. ಎರಡು ಹಲ್ಲು ಹೋದವು."

"ನನಗ ಆಡ್ತೀ ಏನ?" ಅತ್ತೆ ಕೆರಳಿದಳು. "ನನ್ನ ಅತ್ತಿ ನನಗ ಕೊಟ್ಟದ್ದು ನಿನಗ ಕೊಟ್ಟೆ. ನಾ ನಲವತ್ತು ವರ್ಷ ತಿಕ್ಕೀನಿ, ನನಗೇನಾಗ್ಯಾದ? ಡಾಕ್ಟರ ಮಾತು ಕಟಗೊಂಡು..." ಅನ್ನುತ್ತ ಅನ್ನುತ್ತ ಅವಳ ಕೈ ಡಬ್ಬಿಯ ಮುಚ್ಚಳ ತೆಗೆಯಿತು. ಬೆರಳು ಒಳಗೆ ಹೋಯಿತು. ಬಾಯಿಗೆ ಹೋಯಿತು. ಹಲ್ಲಿಲ್ಲದ ಒಸಡಿನ ಮೇಲೆ ಓಡಾಡಿತು. ನಾವೆಲ್ಲ ನೋಡುತ್ತಿದ್ದೆವು. ಅವಳಿಗೆ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ಕರಿ ಬೆರಳನ್ನು ಬಾಯಿಂದ ತೆಗೆದು ಅದನ್ನೇ ನೋಡುತ್ತ ಕೂತಳು. ನನಗೆ ಮರುಕ ಬಂತು, ಬಂದದ್ದಕ್ಕೂ ಸಿಟ್ಟು ಬಂತು.

"ನಡಿ ಇನ್ನ, ಆತಲ್ಲ," ಅಂದ ಭಾವ, ಎದ್ದು. "ಬಾಯಿ ಸುದ್ದ ಆಗ್ಯಾದ ಅಂದ್ರ ಚೀಲ ತೊಗೊ."

ಅಷ್ಟೇ! ಹರಿಯಲು ಬಂದವನು ಹಾಗೇ ಜೋಡಿಸಿಯೂ ಬಿಟ್ಟ, ಚಪ್ಪಲಿ ಹೊಲಿಸಿಕೊಂಡವನ ಹಾಗೆ. ನನ್ನ ನಾಲಿಗೆಯ ತುದಿಗೆ ಬೈಗುಳ ಬಂದಿತ್ತು. ಆದರೆ ಶೀತಲಕ್ಕ ಮೊದಲೇ ಮಾತಾಡಿದಳು. ಎಷ್ಟೋ ದಿನಗಳ ನಂತರ ಅವಳು ಇನ್ನೊಬ್ಬರ ದನಿ ತೆಗೆದಳು. ಮಚ್ಚೇಂದ್ರನದೇ ದನಿ, ಅದೇ ಎಳೆತ, ಗುಟ್ಕಾದ ಅದೇ ತೊದಲು:

"ಬಾಯಿ ಸುದ್ದ ಮಾಡ್ಕೊಂಡು ಬಾ. ಆಮ್ಯಾಲ ನೋಡಮು."

ದೇವಿದಾಸ ಕಾಕಾ ಕೆಮ್ಮಿದರು, ನಗು ನುಂಗಲು. ಭಾವನ ಮುಖ ಕೆಂಪಾಯಿತು. ಶೀತಲಕ್ಕ ತನ್ನ ದನಿಗೆ ಮರಳಿದಳು. "ಖರೇ ಹೇಳಾಕತ್ತೀನಿ. ಅದೇ ಡಾಕ್ಟರ ಬಲ್ಲಿ ನೀವೂ ಬಾಯಿ ತಗದು ತೋರಸ್ರಿ. ಗುಟ್ಕಾ ಬಿಡ್ರಿ. ನಾ ಹಲ್ಲು ಕೊಟ್ಟು ಬಿಟ್ಟೀನಿ, ನೀವೂ ಬಿಡ್ರಿ. ಬಂದು ಕರೀರಿ, ಅವತ್ತೇ ಬರ್ತೀನಿ. ಅಲ್ಲೀ ತನಕ ನನ್ನ ಮಗಳು ನನ್ನ ಬಲ್ಲಿ ಇರ್ತಾಳ."

ಭಾವ ಮಾಮನ ಕಡೆ ನೋಡಿದ. ಮಾಮ ತಮ್ಮ ಜೇಬಿನ ತಂಬಾಕಿನ ಚೀಲದ ಮೇಲೆ ಕೈ ಇಟ್ಟುಕೊಂಡಿದ್ದರು. "ಹುಡುಗಿ ತಾಯಿ ಬಲ್ಲಿ ಇರ್ಲಿ. ತಪ್ಪೇನದ?" ಅಂದು ಎದ್ದರು.

ಅದಾಗಿ ಈಗ ತಿಂಗಳಾಗುತ್ತ ಬಂತು. ಸಮತಾ ಕಲ್ಯಾಣದ ಬಾಲವಾಡಿಗೆ ಹೋಗುತ್ತಿದ್ದಾಳೆ. ಶೀತಲಕ್ಕ ಅಪ್ಪನ ಮಷಿನ್ ಪಕ್ಕ ಕೂತು ಹುಕ್ಕು ಹಚ್ಚುತ್ತಾಳೆ, ಗಿರಾಕಿಗಳನ್ನು ನಗಿಸುತ್ತಾಳೆ. ಅತ್ತೆ ಡಬ್ಬಿಯನ್ನು ಅಲ್ಲೇ ಚಾಪೆಯ ಮೇಲೆ ಬಿಟ್ಟುಬಂದಳು, ಇಲ್ಲಿ ಬಂದು ಎರಡನೇ ದಿನಕ್ಕೇ ಹೊಸದು ಹುರಿದಳು. ಆದರೆ ನನ್ನ ಮಗನ ಬಾಯಿಯ ಹತ್ತಿರ ಆ ಬೆರಳು ತರುವುದಿಲ್ಲ. ಭಾವನ ಆಟೋ ದಿನಾ ಅರ್ಷಿಯಾ ಡಾಕ್ಟರ ದವಾಖಾನೆಯ ಮುಂದಿಂದಲೇ ಮಾಣಿಕನಗರಕ್ಕೆ ಹೋಗುತ್ತದೆ. ಒಂದು ದಿನವೂ ನಿಂತಿಲ್ಲ.

ಹಾಗಾಗಿ ಅವನಿಗೆ ಊಟಕ್ಕೆ ಬಡಿಸುವಾಗ ನಾನು ಸೆರಗು ಕಟ್ಟಿಕೊಳ್ಳುತ್ತೇನೆ. ಶೀತಲಕ್ಕ ಕಟ್ಟಿಕೊಳ್ಳುತ್ತಿದ್ದ ಹಾಗೇ, ಮೂಗು ಬಾಯಿ ಎರಡೂ ಮುಚ್ಚಿ. ಮೊದಲ ದಿನ ಅವನು ತಲೆಯೆತ್ತಿ, "ಏನವ್ವಾ, ನೆಗಡಿ ಬಂದದೇನು?" ಅಂತ ಕೇಳಿದ.

"ಇಲ್ಲ ಭಾವಾ," ಅಂದೆ. "ನಿಮ್ಮ ಬಾಯಿ ವಾಸನಿ ಬರಾಕತ್ತದ."

ನನ್ನ ಗಂಡ ಕೈಯಲ್ಲಿನ ತುತ್ತು ಹಾಗೇ ಹಿಡಿದು ಕೂತ. ಅತ್ತೆ ನನ್ನನ್ನು ಗದರಿಸಲಿಲ್ಲ. ಭಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಎದ್ದರೆ ಏಳಲಿ. ರೊಟ್ಟಿ ಮುಚ್ಚಿಟ್ಟಿದ್ದೇನೆ, ಯಾರನ್ನೂ ಉಪವಾಸ ಕೆಡವುವವಳಲ್ಲ ನಾನು. ಆದರೆ ಅವನು ಡಾಕ್ಟರ ಆ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವ ತನಕ, ಈ ಮನೆಯಲ್ಲಿ ಈ ಸೆರಗು ಬಿಚ್ಚುವುದಿಲ್ಲ.